ಛಲೋ ಆಡೋರ ಗುರುತು ಬ್ಯಾಗಿನ್ಯಾಗ ಇರ್ತದ

ಬಾಜೂ ಮನಿಯೊಳಗ ರೊಟ್ಟಿ ಬಡಿಯೋ ಸಪ್ಪಳ ಕೇಳಿನ ಹೇಳಬಹುದು, ಬಡಿಯೋರು ಕೈ ಪಳಗಿದವರೋ ಹೊಸಬರೋ ಅಂತ. ರೊಟ್ಟಿ ತಾಟಿಗೆ ಬರೋ ತನಕಾ ಕಾಯೋದೇನೂ ಬ್ಯಾಡ. ಪಳಗಿದ ಕೈ ಒಂದೇ ತಾಳದಾಗ ನಡೀತಿರ್ತದ. ಹೊಸಬರ ಕೈ ಎರಡು ಏಟಿಗೊಮ್ಮೆ ನಿಂತು ಅಂಚು ಹರೀತೇನು ಅಂತ ನೋಡ್ತದ. ಐಸ್ ಹಾಕಿಯೊಳಗೂ ಹಂಗನ. ಯಾರು ಛಲೋ ಆಡ್ತಾರ ಅಂತ ತಿಳೀಲಿಕ್ಕೆ ಅವರು ಗೋಲು ಹೊಡೆಯೋ ತನಕಾ ಕಾಯೋದು ಬ್ಯಾಡ. ಬ್ಯಾಗ್ ಇಳಿಸಿ, ಸ್ಕೇಟ್ ಕಟ್ಟಿ, ಐಸಿನ ಮ್ಯಾಲೆ ಎರಡು ಸುತ್ತು ಹಾಕೋದ್ರಾಗ ಗೊತ್ತಾಗಿಬಿಡ್ತದ. ಆದ್ರ ಭಾಳ ಮಂದಿ ನೋಡೋದು ಬ್ಯಾರೇನ. ಅವರು ನೋಡೋದು ಸಾಮಾನಿನ ಕಿಮ್ಮತ್ತು. ಈ ನೋಡೋ ರೀತಿ ತಪ್ಪು, ಅಷ್ಟ ಅಲ್ಲ, ಇದರಿಂದ ಎಷ್ಟೋ ಮನಿ ಖರ್ಚು ಹೆಚ್ಚಾಗ್ತದ, ಎಷ್ಟೋ ಹುಡುಗೂರ ಮನಸ್ಸು ಸಣ್ಣದಾಗ್ತದ ಅನ್ನೋದು ನನ್ನ ವಾದ.

ನಾ ಏನ್ ಆಡೋಕಿ ಅಲ್ಲ. ಆದ್ರ ಮನಿಯೊಳಗ ಇಬ್ಬರು ಆಡೋರಿದ್ದಾರ. ಒಬ್ಬ ಮಗಾ, ಇನ್ನೊಬ್ಬರು ಮಗನ್ನ ನೋಡಿ ನಲವತ್ತರ ಮ್ಯಾಲೆ ಸ್ಕೇಟ್ ಕಟ್ಟಿದ ನಮ್ಮ ಮನಿಯವರು. ಟೊರಾಂಟೊ ಬಾಜೂ ಊರಿನ ರಿಂಕಿನೊಳಗ, ಆ ತಣ್ಣನ್ನ ಪಾವಟಿಗಿ ಮ್ಯಾಲೆ, ಕಂಬಳಿ ಹೊದ್ದು ಕಾಫಿ ಕುಡಕೋತ ಒಂಬತ್ತು ಚಳಿಗಾಲ ಕೂತೇನಿ. ಆಡೋರಿಗೆ ಪಕ್ ಮ್ಯಾಲೆ ಲಕ್ಷ ಇರ್ತದ. ಪುಕ್ಕಟೆ ಕೂತವರಿಗೆ ಎಲ್ಲಾ ಕಾಣ್ತದ.

ಊರಾಗಿನವರಿಗೆ ಮೊದಲ ಎರಡು ಮಾತು ಹೇಳಿ ಬಿಡ್ತೇನಿ. ಹಾಕಿ ಅಂದ್ರ ನಮಗ ಹುಲ್ಲಿನ ಮ್ಯಾಲಿಂದು, ಧ್ಯಾನಚಂದರದು. ಇಲ್ಲೆ ಕೆನಡಾದಾಗ ಬರೇ ಹಾಕಿ ಅಂದ್ರ ಐಸಿನ ಮ್ಯಾಲಿಂದು. ಚೆಂಡಿಲ್ಲ, ಅದರ ಬದ್ಲಿ ರಬ್ಬರಿನ ಒಂದು ಬಿಲ್ಲೆ. ಅದಕ್ಕ ಪಕ್ ಅಂತಾರ. 3 ಇಂಚು ಅಗಲ, 1 ಇಂಚು ದಪ್ಪ, ತೂಕ ಸುಮಾರು 170 ಗ್ರಾಂ. ಎನ್‌ಎಚ್‌ಎಲ್ ಅಂತ ಇಲ್ಲಿಯ ದೊಡ್ಡ ಲೀಗಿನೊಳಗ ಆಡೋ ಜಾಗಾ 200 ಫೂಟು ಉದ್ದ, 85 ಫೂಟು ಅಗಲ. ಒಂದೊಂದು ಕಡೆ ಗೋಲಿ ಹಿಡಿದು ಆರು ಮಂದಿ. 20 ನಿಮಿಷದ್ದು ಮೂರು ಭಾಗ. ಆಟ ನಡೆದಾಗನ ಬೆಂಚಿನ ಮ್ಯಾಲಿನವರು ಒಳಗ ಜಿಗೀತಾರ, ಒಳಗಿನವರು ಹೊರಗ ಬರ್ತಾರ. ಅದನ್ನ ಶಿಫ್ಟ್ ಅಂತಾರ. ಇಷ್ಟು ಗೊತ್ತಿದ್ರ ಸಾಕು.

ಈಗ ಸಾಮಾನಿನ ವಿಷಯ. ಅಂಗಡಿಯೊಳಗ ಹೋದ್ರ ಮ್ಯಾಲಿನ ದರ್ಜೆದ ಒಂದು ಸ್ಟಿಕ್ಕಿಗೆ ಮುನ್ನೂರು ಡಾಲರಿಗೂ ಹೆಚ್ಚು. ಅಂಥಾದ್ದೇ ದರ್ಜೆದ ಸ್ಕೇಟು ಸಾವಿರ ಡಾಲರ್ ದಾಟ್ತದ. ಕಾರ್ಬನ್ನಿನ ಸ್ಟಿಕ್ ಹಗುರ ಇರ್ತದ ಖರೇ, ಮುರಿಯೋದೂ ಅಷ್ಟ ಪಟ್ಟನ. ಅದನ್ನ ಕೈಯಾಗ ಹಿಡಿದು ರಿಂಕಿಗೆ ಬಂದವರನ್ನ ನೋಡಿ 'ಇಂವ ಭಾರಿ ಆಟಗಾರ' ಅನ್ನೋರು ಭಾಳ ಮಂದಿ. ನಾ ನೋಡಿದ ಲೆಕ್ಕಾ ಹೇಳ್ತೇನಿ: ದೊಡ್ಡವರ ರಾತ್ರಿ ಲೀಗಿನೊಳಗ ತಲಿಯಿಂದ ಕಾಲಿನ ತನಕಾ ಎಲ್ಲಾ ಹೊಸಾದ್ದು, ಎಲ್ಲಾ ಒಂದೇ ಕಂಪನಿದ್ದು, ಎಲ್ಲಾ ಮ್ಯಾಲಿನ ದರ್ಜೆದ್ದು ಹಾಕ್ಕೊಂಡು ಬಂದವರು ಹೆಚ್ಚಾಗಿ ಅದೇ ವರ್ಷ ಆಟ ಶುರು ಮಾಡಿದವರು. ಅದರಾಗ ನಾಚೋದೇನಿಲ್ಲ, ಕಲೀಲಿ ಪಾಪ. ಛಲೋ ಆಡೋರ ಸಾಮಾನು ಒಂದೇ ಸಲಕ್ಕ ಬಂದದ್ದಲ್ಲ. ಹೆಲ್ಮೆಟ್ ಒಂದು ವರ್ಷದ್ದು, ಗ್ಲೋವ್ಸು ಇನ್ನೊಂದು ವರ್ಷದ್ದು, ಪ್ಯಾಂಟು ಯಾವುದೋ ಹಳೇ ಟೀಮಿನ ಬಣ್ಣದ್ದು. ಅಡಗಿಮನಿಯೊಳಗಿನ ಭಾಂಡೆ ಇದ್ದಂಗ. ಒಂದೊಂದು ಒಂದೊಂದು ಕಾಲಕ್ಕ ಬಂದದ್ದು, ಎಲ್ಲಾ ಕೈಗೆ ಹೊಂದಿದ್ದು.

ಕುಣೀಲಿಕ್ಕೆ ಬರಲಾರದಾಕಿ ನೆಲ ಡೊಂಕು ಅಂದಳಂತ. ಈ ಗಾದಿ ಮಾತು ರಿಂಕಿನೊಳಗ ದಿನಾ ಕೇಳಬಹುದು, ಇಂಗ್ಲಿಷಿನೊಳಗ ಅಷ್ಟ. ಪಾಸ್ ತಪ್ಪಿದ್ರ ಸ್ಟಿಕ್ಕಿನ ತಪ್ಪು, ಜಾರಿ ಬಿದ್ರ ಸ್ಕೇಟಿನ ಧಾರಿ ತಪ್ಪು, ಏನೂ ಸಿಗಲಿಲ್ಲಂದ್ರ ಐಸ್ ಮೆತ್ತಗಿತ್ತು. ಆಟ ಬಂದವರು ಪಾಸ್ ತಪ್ಪಿದ್ರ ಸ್ಟಿಕ್ ಕಡೆ ನೋಡಂಗಿಲ್ಲ, ಪಕ್ ಎಲ್ಲೆ ಹೋತು ಅಂತ ನೋಡಿ ಅದರ ಹಿಂದ ಓಡ್ತಾರ. ಇದು ನನ್ನ ಮೊದಲನೇ ಗುರುತು.

ಹಂಗಾದ್ರ ಸಾಮಾನು ನೋಡಲೇಬಾರದೇನು? ನೋಡ್ರಿ. ಕಿಮ್ಮತ್ತು ನೋಡಬ್ಯಾಡ್ರಿ, ಹೆಂಗ ಇಟ್ಕೊಂಡಾರ ಅನ್ನೋದನ್ನ ನೋಡ್ರಿ.

ಮೊದಲ ಟೇಪ್. ಸ್ಟಿಕ್ಕಿನ ಕೆಳಗಿನ ಅಗಲ ಭಾಗಕ್ಕ, ಅಂದ್ರ ಬ್ಲೇಡಿಗೆ, ಅರಿವಿ ಟೇಪ್ ಸುತ್ತತಾರ. ಪಕ್ ಜಾರದಂಗ ಹಿಡೀಲಿಕ್ಕೆ. ಮ್ಯಾಲಿನ ತುದಿಗೆ ಒಂದು ಗಂಟು ಮಾಡ್ತಾರ, ಕೈಯಿಂದ ಸ್ಟಿಕ್ ಜಾರಬಾರದು ಅಂತ. ಹೊಸಬರ ಟೇಪ್ ಒಂದು ಕಡೆ ದಪ್ಪ, ಒಂದು ಕಡೆ ಖಾಲಿ, ನಡುವ ಮಡಚಿಕೊಂಡಿರ್ತದ, ಇಲ್ಲಾ ಹೋದ ವರ್ಷದ್ದು ದಾರ ದಾರ ಬಿಟ್ಟು ಜೋತಾಡ್ತಿರ್ತದ. ಬಂದವರ ಟೇಪ್ ನೋಡ್ಬೇಕು, ಮಡಿ ಸೀರಿ ನಿರಿಗಿ ಇದ್ದಂಗ, ಒಂದರ ಮ್ಯಾಲೊಂದು ಸಮಾ ಅಂತರದಾಗ ಕೂತಿರ್ತದ. ಅದೂ ತಮ್ಮ ಕೈಯ್ಯಿಂದನ ಸುತ್ತಿದ್ದು. ಅಪ್ಪ ಸುತ್ತಿಕೊಟ್ಟ ಟೇಪಿಗೂ ಹುಡುಗ ತಾನ ಸುತ್ತಿದ ಟೇಪಿಗೂ ನಂಗ ಫರಕ್ ಗೊತ್ತಾಗ್ತದ. ಅಪ್ಪಂದು ನೆಟ್ಟಗಿರ್ತದ, ಆದ್ರ ಹುಡುಗ ಅದರ ಕಡೆ ನೋಡಂಗೇ ಇಲ್ಲ. ತಾನ ಸುತ್ತಿದವ ಆಟಕ್ಕ ಮೊದಲ ಒಮ್ಮೆ ಅದರ ಮ್ಯಾಲೆ ಬೆರಳು ಆಡಸ್ತಾನ.

ಟೇಪ್ ಬಿಳೇದಿದ್ರ ಇನ್ನೂ ಛಲೋ. ಪಕ್ ಬಡಿದ ಕರೀ ಗುರುತು ಅದರ ಮ್ಯಾಲೆ ಉಳೀತದ. ಗುರುತು ಎಲ್ಲಾ ಒಂದೇ ಕಡೆ ಗುಂಪಾಗಿದ್ರ ಕೈ ನೆಟ್ಟಗದ ಅಂತ ತಿಳ್ಕೊಬೇಕು. ಹಿಮ್ಮಡಿಯಿಂದ ತುದಿ ತನಕಾ ಎಲ್ಲೆ ಬೇಕಲ್ಲೆ ಚಲ್ಲಾಪಿಲ್ಲಿ ಆಗಿದ್ರ ಪಕ್ ಬಂದು ಸ್ಟಿಕ್ಕಿಗೆ ಬಡೀಲಿಕ್ಕತ್ತದ ಹೊರತು ಸ್ಟಿಕ್ ಪಕ್ ಹಿಡೀಲಿಕ್ಕತ್ತಿಲ್ಲ.

ಆದ್ರ ಟೇಪಿನ ವಿಷಯದೊಳಗ ಒಂದೇ ನಿಯಮ ಅಂತ ಹಿಡಕೊಂಡು ಕೂಡಬ್ಯಾಡ್ರಿ. ಬಾಬಿ ಓರ್ ಅಂತ, ಡಿಫೆನ್ಸಿನೊಳಗ ಆಡಿದವರೊಳಗ ಇವರ ಸಮಾ ಯಾರೂ ಇಲ್ಲ ಅಂತ ಇಲ್ಲಿಯವರು ಇನ್ನೂ ಕೈ ಮುಗೀತಾರ. ಡಿಫೆನ್ಸಿನ ಮುಖ್ಯ ಪ್ರಶಸ್ತಿ ಸಾಲಾಗಿ ಎಂಟು ವರ್ಷ ಅವರ ಮನಿಗೇ ಹೋತು. ಅವರ ಬ್ಲೇಡಿನ ಮ್ಯಾಲೆ ಇರ್ತಿದ್ದದ್ದು ಒಂಚೂರು ಟೇಪ್. ಸ್ಕೇಟಿನೊಳಗ ಸಾಕ್ಸ್ ಕೂಡ ಹಾಕ್ತಿರಲಿಲ್ಲ, ಬರಿಗಾಲು. ವೇಯ್ನ್ ಗ್ರೆಟ್ಜ್ಕಿ ಅಂದ್ರ ಇಲ್ಲಿ ದೇವರು. 894 ಗೋಲು, ಆ ದಾಖಲೆ 2025ರ ಏಪ್ರಿಲ್‌ನಾಗ ಅಲೆಕ್ಸಾಂಡರ್ ಒವೆಚ್ಕಿನ್ ಮುರಿಯೋ ತನಕಾ ಹಂಗ ಇತ್ತು. ಅವರು ಬ್ಲೇಡಿನ ಟೇಪಿಗೆ ಕೂಸುಗಳಿಗೆ ಹಚ್ಚೋ ಪೌಡರ್ ಹಚ್ಚತಿದ್ರು. ಜೆರ್ಸಿದ ಬಲಗಡೆ ಅಂಚನ್ನ ಪ್ಯಾಂಟಿನೊಳಗ ಸಿಗಸ್ತಿದ್ರು. ಸಣ್ಣವರಿದ್ದಾಗ ತಮಗಿಂತ ದೊಡ್ಡ ಹುಡುಗೂರ ಜೋಡಿ ಆಡಬೇಕಾಗಿ ಬಂದು ಜೆರ್ಸಿ ಮೊಣಕಾಲಿಗೆ ಬರ್ತಿತ್ತಂತ. ಸ್ಟಿಕ್ ಅದರಾಗ ಸಿಗಬಾರದಂತ ಅವರಪ್ಪ ಒಂದು ಬದಿ ಒಳಗ ಸಿಗಿಸಿಕೊಟ್ರು. ದೊಡ್ಡವರಾಗಿ, ಅಳತಿ ಪ್ರಕಾರ ಜೆರ್ಸಿ ಬಂದ ಮ್ಯಾಲೂ ಆ ರೂಢಿ ಹೋಗಲಿಲ್ಲ. ಈಗ ಇಲ್ಲಿಯ ಹುಡುಗೂರು ಜೆರ್ಸಿ ಒಂದು ಕಡೆ ಸಿಗಿಸಿಕೊಂಡು ಬರ್ತಾರ. ಸಿಗಿಸಿದ ಕೂಡಲೇ ಗ್ರೆಟ್ಜ್ಕಿ ಆಗ್ತಾರೇನು? ರೂಢಿ ಹುಟ್ಟಿದ್ದು ಯಾವುದೋ ಅಡಚಣಿ ನೀಗಿಸಲಿಕ್ಕೆ. ಅಡಚಣಿನೇ ಇಲ್ಲದ ರೂಢಿ ಬರೇ ಅಲಂಕಾರ. ಛಲೋ ಆಡೋರ ಒಂದೊಂದು ಚಾಳಿಗೂ ಒಂದು ಕಾರಣ ಇರ್ತದ, ಕೇಳಿ ನೋಡ್ರಿ, ಹೇಳ್ತಾರ. ನಕಲು ಮಾಡೋರಿಗೆ ಕಾರಣ ಗೊತ್ತಿರಂಗಿಲ್ಲ.

ಇನ್ನ ಸ್ಕೇಟು. ನಮ್ಮ ಮಂದಿ ಮುಗ್ಗರಸೋದು ಇಲ್ಲೇನ. ಗದಗಿನ ಕಡೆಯಿಂದ ಹೋದ ವರ್ಷ ಬಂದ ಒಬ್ಬಾಕಿ ಫೋನ್ ಮಾಡಿ ಕೇಳಿದಳು: "ಅಕ್ಕಾರ, ಸ್ಕೇಟ್ ಎರಡು ನಂಬರ್ ದೊಡ್ಡದು ತೊಗೊಂಡ್ರ ನಡೀತದೇನ್ರಿ? ಮುಂದಿನ ವರ್ಷಕ್ಕೂ ಬರ್ತದಲ್ಲ." ನಾ ಅಂದೆ, "ತಂಗಿ, ಅಂಗಿ ದೊಡ್ಡದು ಹೊಲಸು, ಸಾಲಿ ಬೂಟು ದೊಡ್ಡದು ತೊಗೋ, ಬ್ಯಾಡ ಅನ್ನಂಗಿಲ್ಲ. ಸ್ಕೇಟ್ ಮಾತ್ರ ಬ್ಯಾಡ." ಹಾಕಿ ಸ್ಕೇಟು ಬೂಟಿಗಿಂತ ಒಂದು, ಒಂದೂವರೆ ನಂಬರ್ ಸಣ್ಣದೇ ಬರ್ತದ. ಬೆರಳು ಮುಂದಿನ ಟೊಪ್ಪಿಗಿಗೆ ಹಗೂರಕ ತಾಗಬೇಕು, ಹಿಮ್ಮಡಿ ಅಲುಗಾಡಬಾರದು. ಒಳಗ ಕಾಲು ಆಡಿದ್ರ ಹುಡುಗ ಕಾಲಿನ ಮ್ಯಾಲಿನ ನಂಬಿಗಿ ಕಳಕೋತಾನ. ಪಾದ ಒಳಗಡೆ ಮಡಚಿ ನಿಂದರ್ತಾನ, ಮೊಣಕಾಲು ಬಗ್ಗಸಂಗಿಲ್ಲ, ಮೂರನೇ ವಾರಕ್ಕ ಕಾಲು ನೋಯ್ತದ ಅಂತ ಅಳ್ತಾನ. ಮನಿಯವರು ಇವಂಗ ಈ ಆಟ ಆಗಿಬರಂಗಿಲ್ಲ ಅಂತ ತೀರ್ಮಾನ ಮಾಡಿ ಬಿಡಸ್ತಾರ. ಅಳತಿ ತಪ್ಪಿದ್ದು ಸ್ಕೇಟಿಂದು, ಹಣೆಪಟ್ಟಿ ಮಾತ್ರ ಹುಡುಗಂಗ.

ಸಾವಿರ ಡಾಲರಿನ ಸ್ಕೇಟ್ ತಂದ್ರೂ ಸಣ್ಣ ಹುಡುಗಗ ಅದೇ ಹಣೇಬರಹ. ಆ ದರ್ಜೆದ ಸ್ಕೇಟ್ ಭಾಳ ಗಡಸು, ಗಟ್ಟಿಮುಟ್ಟಾದ ದೊಡ್ಡವರ ಭಾರಕ್ಕ ಮಾಡಿದ್ದು. ಹಗುರ ಹುಡುಗನ ಕಾಲಿಗೆ ಅದು ಬಗ್ಗಂಗೇ ಇಲ್ಲ. ಮಣಕಟ್ಟು ಬಗ್ಗಲಿಲ್ಲಂದ್ರ ಮೊಣಕಾಲು ಬಗ್ಗಂಗಿಲ್ಲ, ಮೊಣಕಾಲು ಬಗ್ಗಲಿಲ್ಲಂದ್ರ ವೇಗ ಎಲ್ಲಿಂದ ಬರಬೇಕು? ಸ್ಟಿಕ್ಕಿಂದೂ ಇದೇ ಕಥಿ. ಅದರ ಮ್ಯಾಲೆ ಒಂದು ನಂಬರ್ ಬರೆದಿರ್ತಾರ, ಎಷ್ಟು ಬಾಗ್ತದ ಅಂತ. ಆಡೋರ ತೂಕ ಪೌಂಡಿನ ಲೆಕ್ಕದಾಗ ಎಷ್ಟದನೋ ಅದರ ಅರ್ಧದಷ್ಟು ನಂಬರ್ ಹಿಡೀರಿ ಅನ್ನೋದು ಇಲ್ಲಿಯ ಬಾಯಿಲೆಕ್ಕ. ಹೊಸಬರು ಗಟ್ಟಿ ಸ್ಟಿಕ್ ಅಂದ್ರ ಗಟ್ಟಿ ಹೊಡ್ತ ಅಂತ ತಿಳ್ಕೊಂಡು ದೊಡ್ಡ ನಂಬರಿನ್ದು ಹಿಡೀತಾರ. ಅದು ಬಾಗಂಗೇ ಇಲ್ಲ, ಹಾರಿ ಹಿಡಕೊಂಡು ನಿಂತಂಗ ಆಗ್ತದ.

ಬಂದವರ ಸ್ಕೇಟ್ ನೋಡಿ ಗುರುತು ಹಿಡಿಯೋದು ಹೆಂಗ? ಲೇಸ್ ನೋಡ್ರಿ. ಹೊಸಬರು ಉದ್ದನ ಲೇಸ್ ಮಣಕಟ್ಟಿನ ಸುತ್ತ ಎರಡು ಸುತ್ತು ಸುತ್ತಿ ಬಿಗೀತಾರ, ಕಾಲು ನಿಲ್ಲಲಿ ಅಂತ. ಬಂದವರು ಕೆಳಗ, ಪಾದದ ಹತ್ತಿರ ಬಿಗಿಯಾಗಿ ಕಟ್ಟಿ, ಮ್ಯಾಲೆ ಹಗುರ ಬಿಡ್ತಾರ. ಎಷ್ಟೋ ಮಂದಿ ಮ್ಯಾಲಿನ ಕಡೀ ತೂತನ್ನ ಖಾಲಿನೇ ಬಿಡ್ತಾರ, ಕಾಲು ಮುಂದ ಬಾಗಲಿ ಅಂತ. ಆಮ್ಯಾಲೆ ಆಟ ಮುಗಿದ ಕೂಡಲೇ ಏನ್ ಮಾಡ್ತಾರ ನೋಡ್ರಿ. ಹೊಸಬರು ಸ್ಕೇಟ್ ಬಿಚ್ಚಿ ಹಸೀದಿದ್ದಂಗ ಬ್ಯಾಗಿನ್ಯಾಗ ಒಗೀತಾರ. ಬಂದವರ ಬ್ಯಾಗಿನ್ಯಾಗ ಒಂದು ಸಣ್ಣ ಟವೆಲ್ ಇದ್ದೇ ಇರ್ತದ. ಬ್ಲೇಡ್ ಒರಸಿ, ಅದಕ್ಕ ಅರಿವಿ ಟೊಪ್ಪಿಗಿ ತೊಡಸ್ತಾರ. ಒರಸಲಿಲ್ಲಂದ್ರ ತುಕ್ಕು ಹಿಡೀತದ, ತುಕ್ಕು ಹಿಡಿದ್ರ ಧಾರಿ ಹೋಗ್ತದ. ನಮ್ಮಲ್ಲಿ ಈಳಿಗಿ ಒರಸಿ ಗೋಡಿಗೆ ನಿಲ್ಲಸೋ ಹೆಂಗಸರನ್ನ ನೋಡೀರಲ್ಲ, ಅದೇ ಶಿಸ್ತು. ಐದು ಡಾಲರಿನ ಟವೆಲ್, ಆದ್ರ ಸಾವಿರ ಡಾಲರಿನ ಸ್ಕೇಟಿಗಿಂತ ನಂಬಿಗಸ್ತ ಗುರುತು.

ಗ್ಲೋವ್ಸಿಂದು ಒಂದು ಮಾತು. ಅಂಗೈ ತೊಗಲು ಸವದು, ಅದಕ್ಕ ಬ್ಯಾರೆ ತೊಗಲು ಹಚ್ಚಿಸಿದ ಗ್ಲೋವ್ಸ್ ಕಂಡ್ರ ಆ ಮನಷಾನ ಕಡೆ ಲಕ್ಷ ಇಡ್ರಿ. ಹೊಸಾವು ತೊಗೊಳ್ಳೋ ಶಕ್ತಿ ಇದ್ರೂ ಹಳೇವಕ್ಕ ತ್ಯಾಪಿ ಹಚ್ಚಿಸ್ಯಾನ ಅಂದ್ರ ಆ ಗ್ಲೋವ್ಸ್ ಕೈಗೆ ಹೊಂದಿರ್ತಾವ. ಅಷ್ಟು ಸವೀಬೇಕಂದ್ರ ಅಷ್ಟು ತಾಸು ಆಡಿರಬೇಕು. ಸವಕಳಿಯನ್ನ ರೊಕ್ಕಾ ಕೊಟ್ಟು ತರಲಿಕ್ಕೆ ಬರಂಗಿಲ್ಲ.

ವಾಸನಿ ವಿಷಯ ಬರೀಲಿಲ್ಲಂದ್ರ ಮನಿಯಾಕಿ ಬರದದ್ದು ಅಂತ ಯಾರೂ ನಂಬಂಗಿಲ್ಲ. ಹಾಕಿ ಬ್ಯಾಗಿನ ವಾಸನಿ ಅಂದ್ರ ಮಳಿಗಾಲದಾಗ ನಾಲ್ಕು ದಿವಸ ಮೂಲ್ಯಾಗ ಬಿದ್ದ ಹಸೀ ಅರಿವಿ, ಅದಕ್ಕ ಒಗ್ಗರಣಿ ಹಾಕಿದಂಗ. ನಮ್ಮ ಅತ್ತಿಯವರು ಬಂದಾಗ ಮೊದಲನೇ ದಿವಸ ಮೂಗು ಮುಚ್ಚಿ "ಒಳಗ ಏನರ ಸತ್ತದೇನವಾ?" ಅಂತ ಕೇಳಿದ್ರು. ಮಂದಿ ನಕ್ಕೋತ 'ವಾಸನಿ ಹೆಚ್ಚಿದ್ದಷ್ಟು ಆಟಗಾರ ದೊಡ್ಡಂವ' ಅಂತಾರ. ಸುಳ್ಳು. ವಾಸನಿ ಹೇಳೋದು ಬ್ಯಾಗಿನ ಚೈನ್ ಹಾಕಿ ಕಾರಿನ್ಯಾಗ ಬಿಟ್ಟಾರ ಅಂತ ಅಷ್ಟ. ಬಂದವರು ಮನಿಗೆ ಬಂದ ಕೂಡಲೇ ಎಲ್ಲಾ ಹೊರಗ ತಗದು ಹರವ್ತಾರ, ಸ್ಕೇಟಿನೊಳಗಿನ ಅಟ್ಟಿ ಕಿತ್ತಿ ಒಣಗಿಸ್ತಾರ. ನಮ್ಮ ಮನಿ ತಳಮನಿಯೊಳಗ ಒಂದು ಅರಿವಿ ಒಣಗಿಸೋ ಸ್ಟ್ಯಾಂಡ್ ಪೂರ್ತಿ ಅದಕ್ಕನ ಮೀಸಲು. ಹರವೋ ಕೆಲಸ ಮಗಂದು, ನಂದಲ್ಲ. ಏಳನೇ ವಯಸ್ಸಿನಿಂದ ಅವಂದೇ. ಕೆಲವರು ನನ್ನ ನೋಡಿ 'ಎಷ್ಟು ಗಟ್ಟಿ ಮನಸ್ಸಿನಾಕಿ' ಅಂತಾರ, ಅನ್ನವಲ್ರ್ಯಾಕ.

ಈಗ ಒಂದು ಕೆಟ್ಟ ಗುರುತಿನ ವಿಷಯ ಹೇಳಬೇಕು, ಮಂದಿ ಅದನ್ನ ಒಳ್ಳೇದು ಅಂತ ತಿಳ್ಕೊಂಡಾರ. ರಕ್ಷಣಿ ಸಾಮಾನು ಕಡಿಮಿ ಹಾಕಿದಷ್ಟು ಆಟ ಛಲೋ ಅನ್ನೋದು. ಮಾರಿಗೆ ಪೂರ್ತಿ ಜಾಳಗಿ ಇದ್ರ ಹೊಸಬ, ಅರ್ಧಾ ಗಾಜು ಇದ್ರ ಆಡಿದಂವ, ಕೊರಳಿಗೆ ಪಟ್ಟಿ ಇದ್ರ ಅಂಜುಬುರುಕ. ಈ ಹುಚ್ಚು ಹೊಸದಲ್ಲ. 1959ರ ನವೆಂಬರ್ 1ಕ್ಕ ನ್ಯೂಯಾರ್ಕಿನೊಳಗ ಜಾಕ್ ಪ್ಲಾಂಟ್ ಅನ್ನೋ ಮಾಂಟ್ರಿಯಲ್ಲಿನ ಗೋಲಿಗೆ ಪಕ್ ಮಾರಿಗೆ ಬಡದು ರಕ್ತ ಸೋರ್ತು. ಹೊಲಿಗಿ ಹಾಕಿಸಿಕೊಂಡು ತಿರಗಿ ಬಂದಾಗ ಮುಖವಾಡ ಹಾಕ್ಕೊಂಡೇ ಬಂದ್ರು. ಅವರ ಕೋಚಿಗೆ ಅದು ಮನಸ್ಸಿರಲಿಲ್ಲ. ಆದ್ರ ಆ ವರ್ಷದ ಸ್ಟ್ಯಾನ್ಲಿ ಕಪ್ ಅದೇ ಟೀಮ್ ಗೆದ್ತು. ಈಗ ಮುಖವಾಡ ಇಲ್ಲದ ಗೋಲಿ ಇದ್ದಾರೇನು? ಎನ್‌ಎಚ್‌ಎಲ್‌ನಾಗ ಹೊಸದಾಗಿ ಬರೋರಿಗೆ ಹೆಲ್ಮೆಟ್ ಕಡ್ಡಾಯ ಆಗಿದ್ದು 1979ರಾಗ. ಅದಕ್ಕಿಂತ ಮೊದಲ ಸಹಿ ಮಾಡಿದವರಿಗೆ ವಿನಾಯಿತಿ ಇತ್ತು, ಹಂಗ ಬರಿದಲಿಯಿಂದ ಆಡಿದವರೊಳಗ ಕಡೀ ಆಟಗಾರ ಕ್ರೇಗ್ ಮ್ಯಾಕ್‌ಟ್ಯಾವಿಶ್ 1997ರಾಗ ನಿವೃತ್ತಿ ಆದ್ರು.

2023ರ ಅಕ್ಟೋಬರ್ 28ಕ್ಕ ಇಂಗ್ಲಂಡಿನ ಶೆಫೀಲ್ಡಿನೊಳಗ ಆಡಂ ಜಾನ್ಸನ್ ಅನ್ನೋ 29 ವರ್ಷದ ಆಟಗಾರ, ಪಂದ್ಯ ನಡೆದಾಗನ, ಇನ್ನೊಬ್ಬರ ಸ್ಕೇಟಿನ ಬ್ಲೇಡ್ ಕೊರಳಿಗೆ ತಾಗಿ ತೀರಿಕೊಂಡ್ರು. ಎನ್‌ಎಚ್‌ಎಲ್ ತನಕಾ ಆಡಿ ಬಂದಿದ್ದ ಮನಷಾ. ಆಟ ಬರೋರಿಗೆ ಪಟ್ಟಿ ಬ್ಯಾಡ ಅನ್ನೋ ಮಾತು ಆವತ್ತರ ಮುಗೀಬೇಕಿತ್ತು. ಕೆನಡಾದ ಹುಡುಗೂರ ಹಾಕಿಯೊಳಗ ಕೊರಳಪಟ್ಟಿ, ಮಾರಿಗೆ ಪೂರ್ತಿ ಜಾಳಗಿ ಎರಡೂ ಕಡ್ಡಾಯ. ದೊಡ್ಡವರ ರಾತ್ರಿ ಲೀಗಿನೊಳಗ ಮಾತ್ರ ಇನ್ನೂ ಪಟ್ಟಿ ಕಟ್ಟಿದವರನ್ನ ನೋಡಿ ಮೀಸಿ ಅಡೀಲೆ ನಗೋರಿದ್ದಾರ. ನಮ್ಮ ಮನಿಯವರು ಕಟ್ಟತಾರ. ಮರುದಿವಸ ಆಫೀಸಿಗೆ ಹೋಗೋದದ, ಮನಿ ಕಂತು ತುಂಬೋದದ. ಕಟ್ಟಲಾರದವರನ್ನ ಛಲೋ ಆಟಗಾರ ಅಂತ ನಾ ಒಪ್ಪಂಗಿಲ್ಲ. ತನ್ನ ಮೈ ಕಾಯಲಾರದವ ಎದುರಿನವರ ಮೈ ಕಾಯ್ತಾನ ಅಂತ ಹೆಂಗ ನಂಬಬೇಕು?

ಇನ್ನ ಐಸಿನ ಮ್ಯಾಲಿನ ಗುರುತು. ಕಣ್ಣು ಮುಚ್ಚಿ ಕೂತು ಕೇಳ್ರಿ. ಬಂದವರು ಹೊಂಟ್ರ ಐಸ್ ಕತ್ತರಸಿದಂಗ ಸರ್ರ್, ಸರ್ರ್ ಅಂತ ಸಪ್ಪಳ ಬರ್ತದ. ಹೊಸಬರದ್ದು ಕೆರದಂಗ ಕೇಳ್ತದ. ಆಮ್ಯಾಲೆ ನಿಲ್ಲೋದನ್ನ ನೋಡ್ರಿ. ಎಲ್ಲಾರಿಗೂ ಒಂದು ಬದಿ ಅನುಕೂಲ ಇರ್ತದ. ಹೊಸಬರು ಯಾವಾಗಲೂ ಅದೇ ಬದಿಗೆ ತಿರುಗಿ ನಿಂದರ್ತಾರ, ಇಲ್ಲಾ ನಿಲ್ಲಲಿಕ್ಕೆ ಬರದ ದೊಡ್ಡ ಸುತ್ತು ಹೊಡೀತಾರ. ಎಡಕ್ಕೂ ಬಲಕ್ಕೂ ಒಂದೇ ಸಮ ನಿಲ್ಲೋರನ್ನ ಕಂಡ್ರ ಅವರು ಬರಲಾರದ ಬದಿಯನ್ನ ಎಷ್ಟೋ ದಿವಸ ಒಬ್ಬರ ಕೂತು ತಿದ್ದ್ಯಾರ ಅಂತ ತಿಳ್ಕೊಳ್ರಿ. ಆಟಕ್ಕ ಮೊದಲ ಮೈ ಬಿಸಿ ಮಾಡಿಕೊಳ್ಳೋವಾಗ ಹೊಸಬರು ದೂರಿಂದ ಜೋರ್ ಹೊಡ್ತ ಹೊಡೆದು ಸಪ್ಪಳ ಮಾಡ್ತಾರ. ಬಂದವರು ಹಗೂರಕ ಹಿಂದಮುಂದ ಆಡ್ಕೋತ, ಸಣ್ಣ ಸಣ್ಣ ಪಾಸ್ ಕೊಟ್ಟುಕೋತ, ಗೋಲಿಗೆ ಮೊದಲ ಸರಳ ಹೊಡ್ತ ಕೊಟ್ಟು ಅವರ ಕೈಯನ್ನೂ ಬಿಸಿ ಮಾಡ್ತಾರ.

ಆಟ ಶುರು ಆದ ಮ್ಯಾಲೆ ಪಕ್ ನೋಡಬ್ಯಾಡ್ರಿ, ತಲಿ ನೋಡ್ರಿ. ಹೊಸಬರ ಕಣ್ಣು ಪಕ್ ಮ್ಯಾಲೇನ, ಕಳದ ಮಗನ್ನ ಹುಡುಕಿದಂಗ. ಬಂದವರು ಪಕ್ ತರಲಿಕ್ಕೆ ಮೂಲಿಗೆ ಹೋಗೋದಕ್ಕಿಂತ ಮೊದಲ ಎಡಭುಜದ ಮ್ಯಾಲಿಂದೊಮ್ಮೆ, ಬಲಭುಜದ ಮ್ಯಾಲಿಂದೊಮ್ಮೆ ಹಿಂದ ನೋಡ್ತಾರ. ಯಾರ ಬರ್ಲಿಕ್ಕತ್ತಾರ, ನಮ್ಮವರ ಎಲ್ಲಿದ್ದಾರ ಅಂತ. ಪಕ್ ಮುಟ್ಟೋದ್ರಾಗ ಅವರ ಲೆಕ್ಕ ಮುಗದಿರ್ತದ. ಈ ಒಂದು ಚಾಳಿ ಇದ್ದ ಹತ್ತು ವರ್ಷದ ಹುಡುಗಿ ಇಲ್ಲದ ಹದಿನೈದು ವರ್ಷದ ಹುಡುಗನಿಗಿಂತ ಛಲೋ ಆಡ್ತಾಳ, ಬೇಕಾದ್ರ ಹೋಗಿ ನೋಡ್ರಿ.

ಮತ್ತ ಶಿಫ್ಟ್. ಎನ್‌ಎಚ್‌ಎಲ್‌ನಾಗ ಒಂದು ಶಿಫ್ಟ್ ಸುಮಾರು 45 ಸೆಕೆಂಡ್. ಜಗತ್ತಿನ ಗಟ್ಟಿ ಮೈಯವರು 45 ಸೆಕೆಂಡಿಗೆ ಬೆಂಚಿಗೆ ಬರ್ತಾರ. ನಮ್ಮ ರಾತ್ರಿ ಲೀಗಿನ ಹೊಟ್ಟಿ ಬಂದ ಹೀರೋಗಳು ಎರಡು ನಿಮಿಷ ಆದ್ರೂ ಬರಂಗಿಲ್ಲ. ಉಸರು ಹತ್ತಿ ಗೋಡಿ ಹಿಡಕೊಂಡು ನಿಂತಿರ್ತಾರ, ಎದುರಿನವರು ಬಾಜೂ ಹಾದು ಹೋಗಿ ಗೋಲು ಹಾಕ್ತಾರ. ಬಂದವರು ಪಕ್ ಆ ಕಡೆ ಮುಂದ ದಬ್ಬಿ, ತಮ್ಮ ಗೋಲಿಗೆ ತ್ರಾಸಿಲ್ಲ ಅಂತ ನೋಡಿ, ಆಮ್ಯಾಲೆ ಬರ್ತಾರ. ಪಂಕ್ತಿಯೊಳಗ ತಾ ಉಂಡು ಏಳೋದ್ರಾಗ ಮುಂದಿನವರಿಗೆ ಜಾಗಾ ಆಗಬೇಕು ಅನ್ನೋ ಖಬರ್ ಇದ್ದವರು ಅವರು. ನನ್ನ ಲೆಕ್ಕದಾಗ ಇದಕ್ಕಿಂತ ದೊಡ್ಡ ಗುರುತಿಲ್ಲ.

ಇದಕ್ಕ ಸಮಾ ನಿಲ್ಲೋದು ಇನ್ನೊಂದದ. ಟೀಮಿನೊಳಗ ಕೆಳಗಿನ ಆಟದವ ಒಬ್ಬ ಇದ್ದೇ ಇರ್ತಾನ. ಅವಂಗ ಯಾರು ಪಾಸ್ ಕೊಡ್ತಾರ, ಅದೂ ಹಿಡೀಲಿಕ್ಕೆ ಬರೋ ಹಂಗ, ಐಸಿಗೆ ಅಂಟಿಸಿ, ಹದಾ ವೇಗದಾಗ ಯಾರು ಕೊಡ್ತಾರ ನೋಡ್ರಿ. ನಡುವಿನ ದರ್ಜೆದವರು ಅವಂಗ ಕೊಡೋದೇ ಇಲ್ಲ. ಖರೇ ಬಂದವರು ಕೊಡ್ತಾರ, ಯಾಕಂದ್ರ ಅವರಿಗೆ ಪಕ್ ತಿರಗಿ ತರೋ ಧೈರ್ಯ ಇರ್ತದ.

ನಾ ಇಷ್ಟೆಲ್ಲಾ ಯಾಕ ಹೇಳ್ಲಿಕ್ಕತ್ತೇನಿ ಅಂದ್ರ, ವರ್ಷಕ್ಕೊಮ್ಮೆ ಹುಡುಗೂರ ಟೀಮಿನ ಆಯ್ಕೆ ನಡೀತದ. ಎಲ್ಲಾರಿಗೂ ನಂಬರ್ ಇದ್ದ ಜೆರ್ಸಿ ಕೊಡ್ತಾರ, ಹೆಸರು ನೋಡಿ ಆರಿಸಿದ್ರು ಅನ್ನಬಾರದಂತ. ಆದ್ರ ಕೈಯಾಗಿನ ಸ್ಟಿಕ್ಕಿನ ಮ್ಯಾಲೆ ಕಂಪನಿ ಹೆಸರು ದೊಡ್ಡ ಅಕ್ಷರದಾಗ ಇರ್ತದಲ್ಲ. ಒಂದು ವರ್ಷ ಹನ್ನೊಂದರ ಹುಡುಗ ಒಬ್ಬ ಬಂದಿದ್ದ, ಮನಿಯವರು ಫಿಲಿಪೀನ್ಸಿನಿಂದ ಬಂದು ಮೂರು ವರ್ಷ ಆಗಿತ್ತು. ಎಲ್ಲಾ ಯಾರೋ ಆಡಿ ಬಿಟ್ಟ ಸಾಮಾನು, ಎರಡು ಗ್ಲೋವ್ಸು ಎರಡು ಬಣ್ಣದ್ದು. ಗಾಜಿನ ಹಿಂದ ನಿಂತ ಅಪ್ಪಂದಿರೊಳಗ ಒಬ್ಬರು "ಇದು ಮೊದಲನೇ ವರ್ಷದ್ದು" ಅಂತ ಹೇಳಿ ಕೈ ಝಾಡಿಸಿದ್ರು. ನಾ ಅವನ ಟೇಪ್ ನೋಡಿದ್ದೆ. ನಿರಿಗಿ ಹಿಡದಂಗ ಕೂತಿತ್ತು. ಐಸಿಗೆ ಇಳದ ಮ್ಯಾಲೆ ಎರಡೂ ಬದಿ ನಿಂತ, ಎರಡೂ ಭುಜದ ಮ್ಯಾಲಿಂದ ನೋಡಿದ, ತನಗಿಂತ ಸಣ್ಣ ಹುಡುಗಗ ಪಾಸ್ ಕೊಟ್ಟ.

ಅವನ ತಾಯಿ ನನ್ನ ಬಾಜೂನ ಕೂತಿದ್ಲು. ಗಾಜಿನ ಹತ್ತಿರ ಆಡಿದ ಮಾತು ಅಕಿ ಕಿವಿಗೂ ಬಿದ್ದಿತ್ತು. ಎರಡನೇ ದಿವಸದ ಆಯ್ಕೆಗೆ ಹೊಸಾ ಸ್ಟಿಕ್ ಕೊಡಿಸಬೇಕೇನು, ಕಾರ್ಡಿನ ಮ್ಯಾಲೆ ತೊಗೋತೇನಿ ಅಂತ ನನ್ನ ಕೇಳಿದ್ಲು. ಅಕಿ ರಾತ್ರಿ ಪಾಳಿ ಮಾಡಿ ನಿದ್ದಿಗೆಟ್ಟು ಬಂದಾಕಿ. ಆ ಸ್ಟಿಕ್ ಅಂದ್ರ ಅಕಿ ಎಷ್ಟು ರಾತ್ರಿ ಅಂತ ಲೆಕ್ಕಾ ಹಾಕ್ರಿ. "ಬ್ಯಾಡ, ಸ್ಕೇಟಿಗೆ ಧಾರಿ ಹಿಡಸು, ಒಂದು ಹೊಸಾ ಟೇಪ್ ಕೊಡು, ಸಾಕು" ಅಂದೆ. ಹಂಗ ಮಾಡಿದ್ಲು. ಆ ವರ್ಷ ಹುಡುಗ ಮ್ಯಾಲಿನ ಟೀಮಿಗೆ ಬರಲಿಲ್ಲ, ಅದರ ಕೆಳಗಿನದ್ದಕ್ಕ ಬಂದ. ಹೊಸಾ ಸ್ಟಿಕ್ ಇದ್ದಿದ್ರ ಬರ್ತಿದ್ದಾ ಅಂತ ಅಕಿ ಮನಸ್ಸಿನ್ಯಾಗ ಇನ್ನೂ ಅದ. ಆ ಸಂಶಯವನ್ನ ಅಕಿ ತಲಿಯೊಳಗ ಹಾಕಿದ್ದು ಗಾಜಿನ ಹಿಂದಿನ ಆ ಒಂದು ಮಾತು. ನನಗ ಸಿಟ್ಟು ಬರೋದು ಅದಕ್ಕನ.

ಐಸ್ ಹಾಕಿ ರೊಕ್ಕದ ಆಟ ಅನ್ನೋದು ಖರೇ, ಇಲ್ಲ ಅನ್ನಂಗಿಲ್ಲ. ರಿಂಕಿನ ಬಾಡಗಿ, ಪ್ರಯಾಣ, ಫೀ ಎಲ್ಲಾ ಕೂಡಿ ಕಿಸೆ ಖಾಲಿ ಮಾಡ್ತದ. ಆದ್ರ ಅದಕ್ಕನ ಹೇಳೋದು, ರೊಕ್ಕಾ ಹಾಕೋ ಜಾಗಾ ನೋಡಿ ಹಾಕ್ರಿ ಅಂತ. ಸಿಡ್ನಿ ಕ್ರಾಸ್ಬಿ ಅವರ ಹೆಸರು ಕೇಳಿರಬೇಕು. 2010ರಾಗ ವ್ಯಾಂಕೂವರ್ ಒಲಿಂಪಿಕ್ಸಿನ ಫೈನಲ್‌ನಾಗ ಅಮೆರಿಕಾದ ಮ್ಯಾಲೆ ಗೆಲ್ಲೋ ಗೋಲು ಹೊಡದವರು. ನೋವಾ ಸ್ಕೋಶಿಯಾದ ಕೋಲ್ ಹಾರ್ಬರಿನ ಮನಿ ತಳಮನಿಯೊಳಗ ಅವರು ಪಕ್ ಹೊಡದು ಹೊಡದು ಕಲ್ತದ್ದು ಅವರವ್ವನ ಅರಿವಿ ಒಣಗಿಸೋ ಯಂತ್ರಕ್ಕ. ಆ ಯಂತ್ರದ ಮೈತುಂಬ ನೆಗ್ಗು, ಕರೀ ಕಲಿ. ಈಗ ಅದು ಹ್ಯಾಲಿಫ್ಯಾಕ್ಸಿನ ಕ್ರೀಡಾ ಸಂಗ್ರಹಾಲಯದೊಳಗ ಕೂತದ, ಮಂದಿ ಮುಂದ ನಿಂತು ಫೋಟೋ ಹೊಡಸಕೋತಾರ. ಕಿಮ್ಮತ್ತು ಇದ್ದದ್ದು ಯಂತ್ರಕ್ಕಲ್ಲ, ಹೊಡದ ತಾಸುಗಳಿಗೆ. ನಮ್ಮ ದೇಶದ ಹೆಣ್ಣುಮಕ್ಕಳು 2025ರಾಗ ಏಷ್ಯಾ ಕಪ್ಪಿನೊಳಗ ಕಂಚು ಗೆದ್ರು. ಆ ಟೀಮಿನ ಬೆನ್ನೆಲುಬು ಲಡಾಖಿನ ಹುಡುಗ್ಯಾರು. ಚಳಿಗೆ ತಾನಾಗೇ ಹೆಪ್ಪುಗಟ್ಟಿದ ಕೆರಿ ಮ್ಯಾಲೆ ಆಡಿ ಬೆಳದವರು.

ಹೊಸದಾಗಿ ಬಂದ ನಮ್ಮ ಮಂದಿಗೆ ನನ್ನ ಲೆಕ್ಕ ಇಷ್ಟ. ಹೆಲ್ಮೆಟ್ಟು, ಕೊರಳಪಟ್ಟಿ ಹೊಸಾವು ತೊಗೊಳ್ರಿ, ಅದರಾಗ ಜುಗ್ಗತನ ಬ್ಯಾಡ. ಸ್ಕೇಟ್ ಕಾಲಿನ ಅಳತಿದ್ದು ತೊಗೊಳ್ರಿ, ನಡುವಿನ ದರ್ಜೆದ್ದು, ಯಾರೋ ಆಡಿ ಬಿಟ್ಟಿದ್ದಾದ್ರೂ ನಡೀತದ, ಕಾಲಿಗೆ ಹೊಂದಬೇಕು. ಉಳದದ್ದೆಲ್ಲಾ ಹಳೇದು ಸಾಕು. ಉಳದ ರೊಕ್ಕದಾಗ ಹೊತ್ತಿಗೆ ಸರಿಯಾಗಿ ಧಾರಿ ಹಿಡಸ್ರಿ. ಚಳಿಗಾಲದಾಗ ಊರಿನವರು ಪುಕ್ಕಟೆ ಬಿಟ್ಟ ಬಯಲು ರಿಂಕಿಗೆ ಕರಕೊಂಡು ಹೋಗ್ರಿ. ಟೇಪ್ ಮಾತ್ರ ಮಗನ ಕೈಗೆ, ಮಗಳ ಕೈಗೆ ಕೊಡ್ರಿ. ಮೊದಲನೇ ಹತ್ತು ಸಲ ಡೊಂಕಾಗ್ತದ, ಆಗ್ಲಿ. ನೀವು ಕೈ ಹಾಕಬ್ಯಾಡ್ರಿ.